ಬಿಳುಪಿಗೆ ಟಾರ್ಚು ಬಿಟ್ಟ ಭಾವ

ಛಾಯಾಗ್ರಾಹಕರ ಸಂಘದ ವಾರ್ಷಿಕ ಪ್ರದರ್ಶನದ ದಿನ ನಗರಸಭೆಯ ಅಧ್ಯಕ್ಷರ ನಾಲ್ಕು ಹಲ್ಲು ಸಭೆಯ ಎದುರಿಗೇ ಕಾಣೆಯಾದವು. ಕಾರಣ ನಮ್ಮ ಭಾವ. ಹಾಗಂತ ಅವರು ಹಲ್ಲುದುರಿಸುವ ಪೈಕಿಯವರೇನಲ್ಲ. ಜಿರಳೆಯನ್ನು ಹೊಡೆಯುವ ಮುಂಚೆಯೂ ಒಮ್ಮೆ ಕೆಮ್ಮಿ ಎಚ್ಚರಿಕೆ ಕೊಡುವ ಮನುಷ್ಯ. ಆ ದಿನ ಅವರು ಮಾಡಿದ್ದು ಇಷ್ಟೇ: ಟಾರ್ಚು ಬಿಟ್ಟರು.

ಪರದೆಯ ಮೇಲೆ ಚಿತ್ರ ತೋರಿಸುವುದಕ್ಕೆಂದು ಸಭಾಂಗಣದ ದೀಪ ಆರಿಸಿ ಕಿಟಕಿಗಳಿಗೆ ಕಪ್ಪು ಬಟ್ಟೆ ಎಳೆದಿದ್ದರು. ವೇದಿಕೆಯ ಮೇಲೆ ಒಂದೇ ಒಂದು ಮಂಕು ಬಲ್ಬು. ಅದರ ಕೆಳಗೆ ಅಧ್ಯಕ್ಷರು ಮೊದಲ ಬಹುಮಾನದ ಫೋಟೋವನ್ನು ಎದೆಗೆ ಹಿಡಿದುಕೊಂಡು, ಪತ್ರಿಕೆಯವರಿಗಾಗಿ ಬಾಯ್ತುಂಬ ನಗುತ್ತ ನಿಂತಿದ್ದರು. ಮಂಜಿನಲ್ಲಿ ನಿಂತ ಬಿಳಿ ಕುದುರೆಯ ಫೋಟೋ. ತೆಗೆದವನು ಭಾವನ ಸ್ಟುಡಿಯೋದ ಎದುರಂಗಡಿಯವನು. "ಎಂಥಾ ಬಿಳುಪು! ಎಂಥಾ ಬಿಳುಪು!" ಎಂದು ಮುಂದಿನ ಸಾಲಿನಲ್ಲಿ ಯಾರೋ ಎರಡು ಸಲ ಅಂದರು. ಒಂದೇ ಸಲ ಅಂದಿದ್ದರೆ ಭಾವ ತಡೆದುಕೊಳ್ಳುತ್ತಿದ್ದರೇನೋ.

ಎದ್ದರು, ನೇರ ವೇದಿಕೆ ಹತ್ತಿದರು, ಜೇಬಿನಿಂದ ಪೆನ್ನಿನಷ್ಟುದ್ದದ ಟಾರ್ಚು ತೆಗೆದರು. ಅಂಗಡಿಗಳಲ್ಲಿ ಖೋಟಾ ನೋಟು ಪತ್ತೆ ಮಾಡಲು ಇಟ್ಟುಕೊಳ್ಳುತ್ತಾರಲ್ಲ, ನೇರಳೆ ಬೆಳಕಿನದು, ಅದೇ. "ಈ ಬಿಳುಪು ಕಾಗದದ್ದಲ್ಲ, ಕೆಮಿಕಲ್ಲಿನದು! ಎಲ್ಲರೂ ನೋಡಿ!" ಎಂದು ಫೋಟೋದ ಮೇಲೆ ಬೆಳಕು ಬಿಟ್ಟರು. ಕುದುರೆ, ಮಂಜು, ಸುತ್ತಲಿನ ಅಂಚು ಎಲ್ಲವೂ ಟ್ಯೂಬ್‌ಲೈಟಿನಂತೆ ನೀಲಿಯಾಗಿ ಉರಿದವು. ಸಭೆ "ಓ!" ಎಂದಿತು. ಆ "ಓ" ಕೇಳಿದ ಖುಷಿಗೆ ಭಾವನ ಕೈ ಒಂದು ಗೇಣು ಮೇಲೆ ಹೋಯಿತು. ಆ ಬೆಳಕಿನಲ್ಲಿ ಸ್ವಂತ ಹಲ್ಲು ಹೊಳೆಯುತ್ತದೆ, ಕಟ್ಟಿಸಿಕೊಂಡ ಹಲ್ಲು ಹೊಳೆಯದೆ ಕೈಕೊಡುತ್ತದೆ ಎಂಬ ಸಂಗತಿ ಆ ಗಳಿಗೆಯವರೆಗೆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಧ್ಯಕ್ಷರ ನಗುವಿನ ಎಡಕ್ಕೂ ಬಲಕ್ಕೂ ದೀಪ ಹತ್ತಿತು. ನಡುವೆ ನಾಲ್ಕು ಮನೆಗೆ ಕರೆಂಟಿರಲಿಲ್ಲ.

"ಏನ್ರೀ ಅದು?" ಅಧ್ಯಕ್ಷರು ತುಟಿ ಬಿಚ್ಚದೆ ಕೇಳಿದರು.

"ಕಾಗದ ನೋಡ್ತಿದ್ದೆ ಸಾರ್," ಎಂದರು ಭಾವ. "ಹಲ್ಲು ಅಡ್ಡ ಬಂತು."

ಅಂದಿನ ಭಾಷಣವನ್ನು ಅಧ್ಯಕ್ಷರು ಮೂಗಿನಲ್ಲೇ ಮುಗಿಸಿದರು. ಎರಡೇ ನಿಮಿಷ. ಆ ಒಂದು ಉಪಕಾರಕ್ಕೆ ಹಿಂದಿನ ಸಾಲಿನವರು ಭಾವನನ್ನು ಇವತ್ತಿಗೂ ನೆನೆಯುತ್ತಾರೆ. ಮಿಕ್ಕವರು ಮಾರನೆಯ ದಿನದಿಂದ ಅವರನ್ನು 'ಟಾರ್ಚರ್' ಎಂದು ಕರೆಯತೊಡಗಿದರು. ಟಾರ್ಚು ಹಿಡಿದವರು ಟಾರ್ಚರ್. ನಮ್ಮ ಕಾನ್ವೆಂಟಿನ ಇಂಗ್ಲಿಷ್ ಸಿಸ್ಟರ್ ಕೇಳಿದ್ದರೆ ಬೆರಳ ಗೆಣ್ಣಿನ ಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದರು, ಆದರೆ ಹೆಸರು ನಿಂತುಹೋಯಿತು.

ಸಭೆಯಿಂದ ಮನೆಗೆ ಬರುವಾಗ ಅಕ್ಕ ದಾರಿಯುದ್ದಕ್ಕೂ ಗಂಡನಿಗಿಂತ ನಾಲ್ಕು ಹೆಜ್ಜೆ ಮುಂದೆ, ಪರಿಚಯವೇ ಇಲ್ಲದವಳಂತೆ ನಡೆದಳು. ಅಮ್ಮನಿಗೆ ಮಾತ್ರ ಖುಷಿಯೋ ಖುಷಿ. ಎಂಬತ್ತೆರಡು ವರ್ಷದ ಅಮ್ಮ ಇರುವುದು ಅಕ್ಕ ಭಾವನ ಜೊತೆಯಲ್ಲೇ. ಬಾಗಿಲು ದಾಟಿದವಳೇ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದಿಟ್ಟು, "ಅಳಿಯಂದ್ರೇ, ಬನ್ನಿ ಇಲ್ಲಿ. ನನ್ನ ಬಾಯಿಗೂ ಒಂದ್ಸಲ ಬಿಡಿ," ಅಂದಳು.

ತಲೆಯ ಮೇಲೆ ಟವೆಲು ಹೊದಿಸಿ ಟಾರ್ಚು ಬಿಟ್ಟದ್ದಾಯಿತು. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟೂ ಹೊಳೆದವು. ಟವೆಲಿನೊಳಗಿಂದಲೇ ಅಮ್ಮ ಆಜ್ಞೆ ಹೊರಡಿಸಿದಳು.

"ಹಾಗಾದ್ರೆ ಈಗಲೇ ನನ್ನದೊಂದು ಫೋಟೋ ಮಾಡಿಬಿಡಿ. ಹಲ್ಲು ಕಾಣೋ ಹಾಗೆ. ನಾನು ಹೋದ ಮೇಲೆ ಇವರ ಪಕ್ಕದಲ್ಲಿ ಹಾಕ್ತೀರಲ್ಲ, ಅದು. ಆದ್ರೆ ಹೋಗೋ ಮುಂಚೆ ನಾನು ಅದನ್ನ ಗೋಡೆ ಮೇಲೆ ನೋಡಬೇಕು. ಹೋದ ಮೇಲೆ ನನಗೆ ತೋರಿಸೋರು ಯಾರು?"

'ಇವರು' ಎಂದರೆ ನಮ್ಮಪ್ಪ. ಅವರು ಹಜಾರದ ಗೋಡೆಯ ಮೇಲಿದ್ದರು, ಇದ್ದಾರೆ. ಹದಿನೈದು ವರ್ಷದ ಹಿಂದೆ ಅವಸರದಲ್ಲಿ ಆದ ಫೋಟೋ. ಯಾವುದೋ ಗುಂಪಿನಿಂದ ಅಪ್ಪನನ್ನು ಕತ್ತರಿಸಿ ತೆಗೆದದ್ದು. ಭುಜದ ಮೇಲೆ ಚಿಕ್ಕಪ್ಪನ ನಾಲ್ಕು ಬೆರಳು ಉಳಿದುಬಿಟ್ಟಿವೆ, ಚಿಕ್ಕಪ್ಪ ಇಲ್ಲ. ಭಾವ ಆಗಷ್ಟೇ ಫೋಟೋ ತೊಳೆಯುವ ರಾಸಾಯನಿಕದ ತೊಟ್ಟಿಗಳನ್ನು ಎಸೆದು ಇಂಕ್‌ಜೆಟ್ ಪ್ರಿಂಟರು ತಂದಿದ್ದರು. ಮಾವನ ಚಿತ್ರಕ್ಕೆಂದು ಅಂಗಡಿಯಲ್ಲಿದ್ದ ಅತಿ ಬಿಳಿಯ, ಅತಿ ದುಬಾರಿಯ ಕಾಗದವನ್ನೇ ಹಾಕಿದರು. ಅಪ್ಪನ ಬಿಳಿ ಅಂಗಿ ಕಣ್ಣು ಕುಕ್ಕುವಷ್ಟು ಹೊಳೆಯಿತು. ಎಲ್ಲರೂ ಮೆಚ್ಚಿದರು. ಐದನೆಯ ವರ್ಷಕ್ಕೆ ಆ ಅಂಗಿ ಮಾಸತೊಡಗಿತು. ಹತ್ತನೆಯ ವರ್ಷಕ್ಕೆ ಕಾಲರಿನಿಂದ ಗುಂಡಿಯವರೆಗೆ ಹಳದಿ. ಚೌಕಟ್ಟು ಬಿಚ್ಚಿದರೆ ಅಂಚಿನಡಿ ಅಡಗಿದ್ದ ಒಂದು ಬೆರಳಿನಷ್ಟು ಪಟ್ಟಿ ಮಾತ್ರ ಇನ್ನೂ ಬೆಳ್ಳಗಿತ್ತು.

ಅಮ್ಮ ಅದನ್ನು ನೋಡಿ ಒಂದೇ ಮಾತು ಅಂದಿದ್ದಳು: "ಬದುಕಿದ್ದಾಗ ಒಂದು ದಿನ ಅಂಗಿ ಕೊಳೆ ಮಾಡಿಕೊಂಡವರಲ್ಲ. ಅಳಿಯನ ಕೈಗೆ ಸಿಕ್ಕಿ ಹೀಗಾದ್ರು."

ಆ ಮಾತು ಭಾವನಿಗೆ ನಾಟಿತು. ನಾಟಿದ್ದು ಬೇರೂ ಬಿಟ್ಟಿತು. ಕಾರಣ ಹುಡುಕಿಕೊಂಡು ಹೊರಟವರಿಗೆ ಕಾಗದಕ್ಕೆ ಬೆರೆಸುವ ಆಪ್ಟಿಕಲ್ ಬ್ರೈಟ್ನರ್ ಎಂಬ ಕಳ್ಳ ಸಿಕ್ಕಿದ. ಬಟ್ಟೆಗೆ ನೀಲಿ ಹಾಕುತ್ತಿದ್ದರಲ್ಲ, ಅದರ ಮರಿಮೊಮ್ಮಗ. ಕಣ್ಣಿಗೆ ಕಾಣದ ಬೆಳಕನ್ನು ನುಂಗಿ, ನೀಲಿಯಾಗಿ ಉಗುಳಿ, "ನೋಡಿ ನಾನೆಷ್ಟು ಬಿಳಿ" ಎಂದು ನಂಬಿಸುವುದು ಅವನ ಕಸುಬು. ನುಂಗಿ ನುಂಗಿ ಕೆಲವು ವರ್ಷಕ್ಕೆ ಸುಸ್ತಾಗಿ ಸಾಯುತ್ತಾನೆ. ಆಗ ಕಾಗದದ ನಿಜವಾದ ಬಣ್ಣ ಬಯಲಾಗುತ್ತದೆ. ಮಾವನ ಅಂಗಿ ಕೊಳೆ ಮಾಡಿದವನು ಇವನೇ ಎಂದು ಗೊತ್ತಾದ ದಿನ ಭಾವ ತಮ್ಮ ಅಂಗಡಿಯಲ್ಲಿದ್ದ ಬಿಳಿ ಕಾಗದವನ್ನೆಲ್ಲ ರದ್ದಿಯವನಿಗೆ ಹಾಕಿ, ಟಾರ್ಚು ಕೊಂಡರು.

ಹೀಗಾಗಿ ಅಮ್ಮನ ಫೋಟೋ ಎಂದೊಡನೆ ಭಾವನ ಮುಖ ಗಂಭೀರವಾಯಿತು. "ಅತ್ತೆ, ನಿಮ್ಮದು ನೂರು ವರ್ಷ ಹೀಗೇ ಇರಬೇಕು. ಕಾಗದ ಸರಿಯಾದ್ದು ಸಿಗಲಿ."

"ಸಿಗಲಿ," ಅಂದಳು ಅಮ್ಮ. "ಆದ್ರೆ ನೂರು ವರ್ಷ ನನ್ನ ಹತ್ರ ಇಲ್ಲ, ಅದನ್ನ ನೆನಪಿಟ್ಟುಕೊಳ್ಳಿ."

ಮಾರನೆಯ ದಿನವೇ ಚಿತ್ರ ತೆಗೆದದ್ದಾಯಿತು. ನಮ್ಮ ಮನೆಯಲ್ಲಿ ಭಾವಚಿತ್ರ ಎಂಬ ಮಾತಿಗೆ ಭಾವ ತೆಗೆದ ಚಿತ್ರ ಎಂದೇ ಅರ್ಥ. ಒಳ್ಳೆಯ ಚಿತ್ರ. ಬೆಳ್ಳಿಕೂದಲು, ಬಿಳಿ ಶಾಲು, ನಡುವೆ ಅಮ್ಮನ ನಗು, ನಗುವಿನಲ್ಲಿ ಸಾಲಿಗೆ ಸಾಲು ಹಲ್ಲು. ಕಂಪ್ಯೂಟರಿನ ಪರದೆಯ ಮೇಲೆ ಅಮ್ಮ ಅದನ್ನು ನೋಡಿದಳು. "ಪರದೆ ಮೇಲೆ ನೋಡಿದ್ದು ಲೆಕ್ಕಕ್ಕಿಲ್ಲ. ಗೋಡೆ ಮೇಲೆ," ಎಂದು ನೆನಪಿಸಿದಳು.

ಅಲ್ಲಿಂದ ಕಾಗದದ ಹುಡುಕಾಟ ಶುರುವಾಯಿತು. ವೈಟ್, ಬ್ರೈಟ್ ವೈಟ್, ಎಕ್ಸ್‌ಟ್ರಾ ವೈಟ್, ಸೂಪರ್ ವೈಟ್. ಇಷ್ಟು ಚುರುಕಾದ ಬಡ್ತಿ ಯಾವ ಸರ್ಕಾರಿ ಕಚೇರಿಯಲ್ಲೂ ಸಿಗುವುದಿಲ್ಲ. ಭಾವ ಎಲ್ಲವನ್ನೂ ಬಾಗಿಲಿನಲ್ಲೇ ತಿರುಗಿಸಿ ಕಳಿಸಿದರು. ಅವರಿಗೆ ಬೇಕಿದ್ದದ್ದು ಹತ್ತಿಯಿಂದ ಮಾಡಿದ, ಬ್ರೈಟ್ನರ್ ಸೋಕದ, ಟಾರ್ಚಿನೆದುರು ಸುಮ್ಮನಿರುವ ಕಾಗದ. ಸುಮ್ಮನಿರುವುದು ಈ ಕಾಲದಲ್ಲಿ ಎಷ್ಟು ಅಪರೂಪದ ಗುಣ ಎಂಬುದು ನಮಗೆಲ್ಲ ಆಗಲೇ ತಿಳಿದದ್ದು.

ಒಮ್ಮೆ ಕಾಗದದ ಕಂಪನಿಯ ಸೇಲ್ಸ್‌ಮನ್ ಮಾದರಿಗಳ ಚೀಲ ಹೊತ್ತು ಬಂದಿದ್ದ. ನಾನೂ ಸ್ಟುಡಿಯೋದಲ್ಲೇ ಇದ್ದೆ.

"ಇದು ನ್ಯಾಚುರಲ್ ವೈಟ್ ಸಾರ್. ಬ್ರೈಟ್ನರ್ ಒಂದು ಚೂರೂ ಇಲ್ಲ. ನಮ್ಮ ತಾಯಾಣೆ ಸಾರ್."

"ತಾಯಿನ ಯಾಕೆ ಎಳೀತೀರಿ? ಆ ಪರದೆ ಎಳೀರಿ."

ಪರದೆ ಎಳೆದ. ಭಾವ ಹಾಳೆಯ ಮೇಲೆ ಟಾರ್ಚು ಬಿಟ್ಟರು. ಹಾಳೆ ತೆಪ್ಪಗಿತ್ತು. ಸೇಲ್ಸ್‌ಮನ್ ಉಸಿರು ಬಿಟ್ಟ. ಭಾವ ಹಾಳೆಯನ್ನು ತಿರುವಿಹಾಕಿದರು. ಬೆನ್ನು ನೀಲಿಯಾಗಿ ಧಗ್ಗೆಂದಿತು.

"ಹಿಂದುಗಡೆ ಯಾರು ಸಾರ್ ನೋಡ್ತಾರೆ?"

"ಗೋಡೆ ನೋಡುತ್ತೆ," ಎಂದರು ಭಾವ. "ಮುಂದೆ ಬರೀ ಲೇಪ ಚೊಕ್ಕ. ಒಳಗೆಲ್ಲ ಅದೇ ಕಳ್ಳಮಾಲು. ನಡೀರಿ."

ಸೇಲ್ಸ್‌ಮನ್ ಚೀಲ ಕಟ್ಟಿಕೊಳ್ಳುತ್ತ ನನ್ನತ್ತ ವಾಲಿ, "ಇವರು ಹೆಣ್ಣು ನೋಡೋಕೆ ಹೋದಾಗ ಹೇಗೆ ಒಪ್ಪಿದ್ರು ಸಾರ್?" ಎಂದು ಪಿಸುಗುಟ್ಟಿದ. ಆಗ ಟಾರ್ಚು ಇರಲಿಲ್ಲ ಎಂದೆ.

ಪಾಸಾದ ಕಾಗದಗಳಿಗೂ ಬಿಡುಗಡೆಯಿರಲಿಲ್ಲ. ಒಂದೊಂದರಿಂದ ಒಂದೊಂದು ಪಟ್ಟಿ ಕತ್ತರಿಸಿ, ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿ, ಪೆನ್ಸಿಲಿನಲ್ಲಿ ತಾರೀಕು ಬರೆಯುತ್ತಿದ್ದರು. ಒಂದು ವರ್ಷ ಬಿಟ್ಟು ರಟ್ಟು ತೆಗೆದು, ಎರಡು ಅರ್ಧಗಳ ನಡುವೆ ಗೆರೆ ಕಂಡರೆ ಆ ಕಾಗದ ಫೇಲು. ಸ್ಟುಡಿಯೋದ ಕಿಟಕಿ ತುಂಬಿದ ಮೇಲೆ ಮನೆಯ ಕಿಟಕಿಗಳಿಗೆ ಬಂದರು. ಕಾಗದಕ್ಕೆ ಬೆಳಕು ಬಿತ್ತು, ಮನೆಗೆ ಕತ್ತಲೆ ಕವಿಯಿತು. ಅಡುಗೆಮನೆಯಲ್ಲಿ ಅಕ್ಕ ಹಗಲಿನಲ್ಲೇ ದೀಪ ಹಾಕಿಕೊಂಡು ತರಕಾರಿ ಹೆಚ್ಚುತ್ತಿದ್ದಳು.

ಅಷ್ಟರಲ್ಲಿ ಬಟ್ಟೆ ಸೋಪಿನ ಪುಡಿಯಲ್ಲೂ ಅದೇ ಬ್ರೈಟ್ನರ್ ಇದೆಯೆಂದು ಟಾರ್ಚು ಪತ್ತೆ ಮಾಡಿತು. ಹೊಳೆಯುವ ಅಂಗಿ ತೊಟ್ಟುಕೊಂಡು ಕಾಗದದ ಮುಂದೆ ನಿಂತರೆ ಅಂಗಿಯ ನೀಲಿ ಕಾಗದದ ಮೇಲೆ ಬಿದ್ದು ತೀರ್ಪು ಕೆಡುತ್ತದೆ ಎಂದು ಭಾವ ತಮ್ಮ ಬಟ್ಟೆಗೆ ಬೇರೆ ಬಕೆಟ್ಟು, ಬೇರೆ ಸೋಪು ಮಾಡಿಕೊಂಡರು. ಆರು ತಿಂಗಳಲ್ಲಿ ಅವರ ಅಂಗಿಗಳೆಲ್ಲ ಹಳೆಯ ಗ್ರಂಥಾಲಯದ ಪುಸ್ತಕದ ಹಾಳೆಯ ಬಣ್ಣಕ್ಕೆ ತಿರುಗಿದವು.

"ರೀ, ಬೀದೀಲಿ ಜನ ನೋಡೋದು ನಿಮ್ಮನ್ನ. ಬೈಕೊಳ್ಳೋದು ನನ್ನನ್ನ," ಎಂದಳು ಅಕ್ಕ. "ಹೆಂಡತಿ ಒಗೆಯೋದೇ ಇಲ್ಲ ಅಂದ್ಕೋತಾರೆ."

"ಇದು ಬಟ್ಟೆಯ ನಿಜವಾದ ಬಣ್ಣ ಕಣೇ."

"ನಿಜ ಎಲ್ಲ ಮನೆಯೊಳಗೆ ಇಟ್ಕೊಳ್ಳಿ. ಹೊರಗೆ ಹೋಗುವಾಗ ಸ್ವಲ್ಪ ಸುಳ್ಳು ಹಾಕ್ಕೊಂಡು ಹೋಗಿ."

ಗಿರಾಕಿಗಳೂ ಕಂಗಾಲಾದರು. ಅರ್ಜಿಗೆ ಅಂಟಿಸಲು ಪುಟ್ಟ ಫೋಟೋ ಬೇಕೆಂದು ಬಂದವನನ್ನು ಕೂರಿಸಿ ಭಾವ, "ಎಷ್ಟು ವರ್ಷ ಬಾಳಿಕೆ ಬರಬೇಕು?" ಎಂದು ಕೇಳುತ್ತಿದ್ದರು. "ಮಂಗಳವಾರದವರೆಗೆ ಬಂದ್ರೆ ಸಾಕು ಸಾರ್," ಎಂದು ಒಬ್ಬ ಹೇಳಿದನಂತೆ. ಅಂಥವರೆಲ್ಲ ರಸ್ತೆ ದಾಟಿ ಎದುರಂಗಡಿಗೆ ಹೋದರು. ಅಲ್ಲಿ ಬಿಳಿ ಕುದುರೆಯ ಫೋಟೋ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಹೊಳೆಯುತ್ತ ನಿಂತಿತ್ತು.

ಎರಡು ವರ್ಷ ಕಳೆಯಿತು. ಕಿಟಕಿಯ ಪಟ್ಟಿಗಳಲ್ಲಿ ಏನೇನು ಬದಲಾಯಿತೋ, ಅಮ್ಮನ ಬಾಯಿಯಲ್ಲಿ ಮಾತ್ರ ಬದಲಾವಣೆ ಎದ್ದು ಕಂಡಿತು. ಮೊದಲು ಮೇಲಿನದೊಂದು ಹೋಯಿತು. ಮೂರು ತಿಂಗಳಿಗೆ ಅದರ ಪಕ್ಕದ್ದು. ಅಮ್ಮ ಅವೆರಡನ್ನೂ ಗುಂಡಿಗಳ ಡಬ್ಬಿಯಲ್ಲಿಟ್ಟುಕೊಂಡು, ಭಾವ ಊಟಕ್ಕೆ ಕೂತಾಗಲೆಲ್ಲ ಆ ಡಬ್ಬಿಯನ್ನು ಒಮ್ಮೆ ಅಲ್ಲಾಡಿಸುತ್ತಿದ್ದಳು. ಮಾತಿಲ್ಲ. ಬರೀ ಸದ್ದು.

"ಇನ್ನೊಂದು ಮಾದರಿ ಬರೋದಿದೆ ಅತ್ತೆ. ಅದೊಂದನ್ನ ನೋಡಿಬಿಡ್ತೀನಿ."

"ನೋಡಿ, ನೋಡಿ. ನನ್ನ ಹತ್ರ ಇನ್ನೂ ಇಪ್ಪತ್ತಾರು ಇವೆ."

ಮೂರನೆಯ ವರ್ಷದ ಚಳಿಗಾಲದಲ್ಲಿ ಅಮ್ಮನಿಗೆ ಜ್ವರ ಬಂತು. ಜ್ವರ ಎದೆಗಿಳಿಯಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಡಾಕ್ಟರು ಹೊರಗೆ ಕರೆದು, ವಯಸ್ಸಾಗಿದೆ, ಹೇಳೋಕಾಗಲ್ಲ ಎಂದರು. ಆಮ್ಲಜನಕದ ನಳಿಗೆ ಮೂಗಿನಲ್ಲಿದ್ದಾಗಲೂ ಅಮ್ಮ ನನ್ನನ್ನು ಹತ್ತಿರ ಕರೆದು ಕೇಳಿದ್ದು ಒಂದೇ: "ಕಾಗದ ಸಿಕ್ತಾ?"

ಹೇಗೋ ಚೇತರಿಸಿಕೊಂಡಳು. ನಾಳೆ ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ದಿನ ನಾನು ಅದನ್ನು ಅಕ್ಕನಿಗೆ ಹೇಳಿದೆ. ಅಕ್ಕ ಅಲ್ಲಿಂದ ನೇರ ಸ್ಟುಡಿಯೋಗೆ ಹೋದಳು. ಹಿಂದೆ ನಾನೂ ಹೋದೆ. ಭಾವ ಒಂದು ಪಟ್ಟಿಯ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಅಕ್ಕ ಅವರ ಜೇಬಿಗೆ ಕೈಹಾಕಿ ಟಾರ್ಚು ತೆಗೆದು, ಪ್ರಿಂಟರಿನ ಪಕ್ಕದ ನೀರಿನ ಚೊಂಬಿನಲ್ಲಿ ಮುಳುಗಿಸಿದಳು.

"ಅಮ್ಮ ನಾಳೆ ಮನೆಗೆ ಬರ್ತಾಳೆ. ಬಂದಾಗ ಫೋಟೋ ಗೋಡೆ ಮೇಲಿರಬೇಕು. ಇಲ್ದೇ ಇದ್ರೆ ಆ ಮೊಳೆಗೆ ನಿಮ್ಮನ್ನೇ ತೂಗುಹಾಕ್ತೀನಿ."

ಭಾವ ಚೊಂಬನ್ನು ನೋಡಿದರು, ಅಕ್ಕನನ್ನು ನೋಡಿದರು, ಕಪಾಟು ತೆಗೆದರು. ಮೂರು ವರ್ಷದಲ್ಲಿ ಎಲ್ಲ ಪರೀಕ್ಷೆಯಲ್ಲೂ ಪಾಸಾದ ಕಾಗದ ಒಂದೇ ಒಂದಿತ್ತು. ನವಿರು ಬಟ್ಟೆಯಂಥ ಸ್ಪರ್ಶ, ದಪ್ಪ, ಮೆಲುವಾದ ಕೆನೆಬಣ್ಣ. ಕೈಗೆ ಹತ್ತಿಯ ಗವಸು ತೊಟ್ಟು, ಕೂಸನ್ನು ಎತ್ತುವಂತೆ ಎತ್ತಿ ಪ್ರಿಂಟರಿಗೆ ಉಣಿಸಿದರು. ಅರ್ಧ ಗಂಟೆ ಪ್ರಿಂಟರು ಅತ್ತಿಂದಿತ್ತ ಓಡಾಡಿತು. ಮುಖಕ್ಕೆ ಮಸಿ ಬಳಿಯುವ ಕಸುಬನ್ನು ಇಷ್ಟು ಭಕ್ತಿಯಿಂದ ಮಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಜ ಹೇಳಬೇಕೆಂದರೆ ಚಿತ್ರ ಬಹಳ ಚೆನ್ನಾಗಿ ಬಂದಿತ್ತು.

ಮಾರನೆಯ ದಿನ ಅಮ್ಮ ಬಂದಳು. ಹಜಾರದ ಕುರ್ಚಿಯಲ್ಲಿ ಶಾಲು ಹೊದಿಸಿ ಕೂರಿಸಿದೆವು. ಎದುರಿಗೆ ಗೋಡೆ, ಗೋಡೆಯ ಮೇಲೆ ಅಪ್ಪ, ಪಕ್ಕದಲ್ಲಿ ಹೊಸ ಚೌಕಟ್ಟು. ಅಮ್ಮ ಕನ್ನಡಕ ಒರೆಸಿ ಹಾಕಿಕೊಂಡಳು. ಬಹಳ ಹೊತ್ತು ನೋಡಿದಳು. ಆಮೇಲೆ ಚೌಕಟ್ಟಿನ ಪಕ್ಕದಲ್ಲಿ ನಿಂತಿದ್ದ ಭಾವನನ್ನು ನೋಡಿದಳು.

"ಯಾಕ್ರೀ, ನನಗೆ ಕಾಮಾಲೆ ಆಗಿದೆಯಾ?"

"ಅತ್ತೆ, ಅದು ಕಾಗದದ ಸಹಜ ಬಣ್ಣ. ಐದು ನಿಮಿಷ ನೋಡಿ. ಕಣ್ಣು ಹೊಂದಿಕೊಳ್ಳುತ್ತೆ."

ಅಮ್ಮ ಗೋಡೆ ಗಡಿಯಾರ ನೋಡಿಕೊಂಡು ಸರಿಯಾಗಿ ಐದು ನಿಮಿಷ ಚಿತ್ರ ನೋಡಿದಳು. ಆಮೇಲೆ ಭಾವನತ್ತ ತಿರುಗಿದಳು.

"ಹೊಂದಿಕೊಳ್ತು. ಈಗ ನೀವೂ ಹಳದಿ ಕಾಣ್ತಿದ್ದೀರಿ."

"ನೂರು ವರ್ಷ ಒಂದು ಚೂರೂ ಬದಲಾಗಲ್ಲ ಅತ್ತೆ ಇದು."

"ಅದೇ ಹೆದರಿಕೆ," ಎಂದಳು ಅಮ್ಮ. ಮಡಿಲಿನಲ್ಲಿದ್ದ ಆಸ್ಪತ್ರೆಯ ಫೈಲಿನಿಂದ ಒಂದು ಹಾಳೆ ಎಳೆದು ಕಿಟಕಿಯ ಕಡೆ ಹಿಡಿದಳು. ಅದು ಹಾಲಿಗಿಂತ ಬೆಳ್ಳಗಿತ್ತು. "ನೋಡಿ, ಇಂಥದ್ದು. ನನ್ನ ರಕ್ತದ ರಿಪೋರ್ಟಿಗೆ ಎಂಥಾ ಚಂದದ ಕಾಗದ ಹಾಕಿದ್ದಾರೆ. ನನ್ನ ಮುಖಕ್ಕೆ ಇಲ್ವಾ? ನಲವತ್ತು ವರ್ಷ ಕಾದು ತಲೆ ಬೆಳ್ಳಗೆ ಮಾಡ್ಕೊಂಡಿದೀನಿ ರೀ. ಅದೊಂದು ಬೆಳ್ಳಗೆ ಕಾಣಲಿ."

"ಅದು ಆಮೇಲೆ ಹಳದಿ ಆಗುತ್ತೆ. ಮಾವನ ಅಂಗಿ ನೋಡಿ. ನೀವೇ ಅಂದಿದ್ರಿ, ಅಳಿಯನ ಕೈಗೆ ಸಿಕ್ಕಿ..."

ಅಮ್ಮ ಅಪ್ಪನ ಚಿತ್ರ ನೋಡಿದಳು, ಅಳಿಯನನ್ನು ನೋಡಿದಳು. ಆಡಿದ ಮಾತು ಅವಳಿಗೆ ಮರೆತೇಹೋಗಿತ್ತೆಂದು ಕಾಣುತ್ತದೆ.

"ಅಯ್ಯೋ, ಅದನ್ನ ಇನ್ನೂ ಇಟ್ಕೊಂಡಿದೀರಾ?" ಎಂದಳು ಮೆಲ್ಲಗೆ. "ಹಳದಿ ಆದ್ರೆ ಆಗಲಿ ಬಿಡಿ. ಆಗ ನೋಡೋರು ನೀವು, ಅನುಭವಿಸಿ. ನಾನು ನೋಡೋವಾಗ ಬೆಳ್ಳಗಿರಲಿ."

ಬಿಳಿ ಹಾಳೆ ತರಲು ಭಾವ ಹೋಗಬೇಕಾಯಿತು, ಜೊತೆಗೆ ನಾನು. ಎಲ್ಲಿಗೆ? ಭಾವನ ಅಂಗಡಿಯಲ್ಲಿ ಹೊಳೆಯುವ ಕಾಗದ ಒಂದು ಚೂರೂ ಇರಲಿಲ್ಲ. ರದ್ದಿಗೆ ಹಾಕಿದ್ದು ಅವರೇ. ಊರಿನಲ್ಲಿ ಆ ಅಳತೆಯ ಹಾಳೆ ಇದ್ದದ್ದು ಎದುರಂಗಡಿಯಲ್ಲಿ ಮಾತ್ರ. ರಸ್ತೆಯ ಅಗಲ ಹದಿನೆಂಟು ಹೆಜ್ಜೆ. ಅದನ್ನು ದಾಟಲು ಭಾವ ಹತ್ತು ನಿಮಿಷ ತೆಗೆದುಕೊಂಡರು. ಮೂರು ಸಲ ವಾಹನವೇ ಇಲ್ಲದ ರಸ್ತೆಯಲ್ಲಿ ವಾಹನಕ್ಕೆ ದಾರಿ ಬಿಟ್ಟರು.

"ಏನಣ್ಣ," ಎಂದ ಎದುರಂಗಡಿಯವನು ಕುದುರೆಯ ಪಕ್ಕದಲ್ಲಿ ನಿಂತು, "ಟಾರ್ಚಿನ ಬ್ಯಾಟರಿ ಹೋಯ್ತಾ?"

"ಟಾರ್ಚೇ ಹೋಯ್ತು," ಎಂದರು ಭಾವ. "ಸೂಪರ್ ವೈಟ್ ಒಂದು ಹಾಳೆ ಕೊಡಪ್ಪ."

"ಒಂದೇ ಯಾಕೆ, ಎರಡು ತಗೊಳ್ಳಿ. ಒಂದು ಉರಿಸಿ ನೋಡೋಕೆ."

ಅವನು ಅದನ್ನು ಖಾಕಿ ಲಕೋಟೆಯಲ್ಲಿ ಹಾಕಿಕೊಡುವಾಗ ಭಾವ, ಯಾರಿಗೂ ಕಾಣದಂತೆ ಹಾಕಿಕೊಡು ಎಂದು ಕಣ್ಸನ್ನೆ ಮಾಡಿದ್ದನ್ನು ನಾನು ನೋಡಿದೆ. ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದರು.

ಸಾಯಂಕಾಲದ ಹೊತ್ತಿಗೆ ಚೌಕಟ್ಟಿನಲ್ಲಿ ಹೊಸ ಅಮ್ಮ ಇದ್ದಳು. ಕೂದಲು ಬೆಳ್ಳಗೆ, ಶಾಲು ಬೆಳ್ಳಗೆ, ಹಲ್ಲು ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟೂ ಜಗಜಗ. ಕುರ್ಚಿಯಲ್ಲಿದ್ದ ಅಮ್ಮ ಅದನ್ನು ನೋಡಿ ಇಪ್ಪತ್ತಾರು ಹಲ್ಲಿನಲ್ಲಿ ನಕ್ಕಳು. ಆಮೇಲೆ ಗೋಡೆಯ ಆ ಮೂಲೆಯಲ್ಲಿ ಬೆಳಕು ಸಾಲದೆಂದು ಕಿಟಕಿಯ ಎದುರಿನ ಗೋಡೆಗೆ ಹಾಕಿಸಿದಳು. "ಬೀದೀಲಿ ಹೋಗೋರಿಗೂ ಕಾಣಲಿ." ಕಿಟಕಿಯ ಮೇಲಿದ್ದ ಕಾಗದದ ಪಟ್ಟಿಗಳನ್ನೆಲ್ಲ ಅಕ್ಕ ಉಗುರಿನಿಂದ ಕೆರೆದು ತೆಗೆದಳು. ಎರಡು ವರ್ಷದ ನಂತರ ಮನೆಯೊಳಗೆ ಬಿಸಿಲು ಬಂತು, ನೇರವಾಗಿ ಅಮ್ಮನ ಚಿತ್ರದ ಮೇಲೆ ಬಿತ್ತು. ಭಾವ ನೋಡಲಾರದೆ ಮುಖ ತಿರುಗಿಸಿದರು.

ಅಮ್ಮ ನಿದ್ದೆ ಹೋದ ಮೇಲೆ ನಾವಿಬ್ಬರೇ ಚಿತ್ರದ ಮುಂದೆ ನಿಂತಿದ್ದೆವು. ತಿರಸ್ಕೃತವಾದ ಕೆನೆಬಣ್ಣದ ಅಮ್ಮ ಭಾವನ ಕೈಯಲ್ಲಿ ಸುರುಳಿಯಾಗಿದ್ದಳು. ಮೂರು ವರ್ಷದ ತಪಸ್ಸು ಹೀಗಾಯಿತಲ್ಲ ಎಂದು ನನಗೂ ಪಿಚ್ಚೆನಿಸಿತು. ಸಮಾಧಾನ ಹೇಳಲು ಹೋಗಿ ಪ್ರಶ್ನೆ ಕೇಳಿದೆ.

"ಭಾವ, ಈ ಬಿಸಿಲಿಗೆ ಆ ಬ್ರೈಟ್ನರ್ ಎಲ್ಲ ಸತ್ತುಹೋದ ಮೇಲೆ ಅಮ್ಮ ಹೇಗೆ ಕಾಣ್ತಾಳೆ?"

ಭಾವ ಗೋಡೆಯ ಮೇಲಿದ್ದದ್ದನ್ನು ನೋಡಿದರು. ಕೈಯಲ್ಲಿದ್ದ ಸುರುಳಿಯನ್ನು ಸ್ವಲ್ಪ ಬಿಚ್ಚಿ, ಪಕ್ಕದಲ್ಲಿ ಹಿಡಿದು, ಅದನ್ನೂ ನೋಡಿದರು. ಆಮೇಲೆ ಆ ಕೆನೆಬಣ್ಣದ ಅಮ್ಮನನ್ನೇ ನನ್ನತ್ತ ತಿರುಗಿಸಿದರು.

"ಹೆಚ್ಚುಕಮ್ಮಿ ಹೀಗೇ," ಅಂದರು.